ಬಿಚ್ಚುವ ಮೊದಲು ಹೇಳಬೇಕಾದ ಮಾತು

ನಮ್ಮ ಊರಿನಲ್ಲಿ ಯಾವ ವಸ್ತುವೇ ಆಗಲಿ, ಒಬ್ಬರ ಕೈಯಲ್ಲೇ ಹನ್ನೆರಡು ವರ್ಷ ಕಳೆದರೆ ಪಳಗುತ್ತದೆ. ಪಳಗಿದ ಸೌಟು, ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಪಾತ್ರೆಯ ಅಂಚಿಗೆ ತಾಗಿ ನಿಂತುಬಿಡುತ್ತದೆ. ಪಳಗಿದ ಸೈಕಲ್ಲನ್ನು ಯಾರಾದರೂ ಎರವಲು ಒಯ್ದರೆ ಅದು ತನ್ನ ಯಜಮಾನ ಚಹಾ ಕುಡಿಯುವ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಮುಂದಕ್ಕೆ ಹೋಗುವುದಿಲ್ಲ. ಊರಿಗೆ ಬರುವ ಒಂದೇ ಒಂದು ಬಸ್ಸಿನ ಡ್ರೈವರ್ ನಿವೃತ್ತನಾಗಿ ಆರು ವರ್ಷವಾಯಿತು. ಬಸ್ಸು ಈಗಲೂ ಅವನ ಮನೆಯ ಮುಂದೆ ನಿಲ್ಲುತ್ತದೆ, ಅವನ ಹೆಂಡತಿ ಕಿಟಕಿಯಿಂದ ಕೈ ಬೀಸಿದ ಮೇಲೆಯೇ ಹೊರಡುತ್ತದೆ. ಹೊಸ ಡ್ರೈವರ್ ಮೊದಮೊದಲು ಸಿಡುಕಿದ. ಈಗ ತನ್ನ ಊಟದ ಡಬ್ಬಿಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತಾನೆ.

ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಇದೊಂದು ತಲೆನೋವು. ಯಾರೂ ಏನನ್ನೂ ಎಸೆಯುವುದಿಲ್ಲವಾದ್ದರಿಂದ ಮನೆಗಳಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರಿಗಿಂತ ಹೆಚ್ಚು ತಲೆನೋವು ನನ್ನಂಥ ರಿಪೇರಿಯವನಿಗೆ. ಪಳಗಿದ ವಸ್ತುವನ್ನು ಸುಮ್ಮನೆ ಬಿಚ್ಚುವಂತಿಲ್ಲ. ಅದರ ಯಜಮಾನರು ಅದರ ಮುಂದೆ ಕೂತು ತಮ್ಮ ಬಾಯಿಂದಲೇ ಹೇಳಬೇಕು: ನಿನ್ನನ್ನು ಬಿಚ್ಚಿಸುತ್ತೇನೆ, ಮತ್ತೆ ಜೋಡಿಸುತ್ತೇನೆ, ಮನೆಗೆ ಕರೆದುಕೊಂಡು ಹೋಗುತ್ತೇನೆ. ಹೇಳದೆ ಬಿಚ್ಚಿದರೆ ವಸ್ತು ಕೋರಾ ಆಗುತ್ತದೆ. ಕೋರಾ ಆದದ್ದು ಕೆಟ್ಟಿತು ಎಂದಲ್ಲ. ಕೆಲಸ ಮಾಡುತ್ತದೆ, ಆದರೆ ಇವತ್ತೇ ಅಂಗಡಿಯಿಂದ ತಂದದ್ದರ ಹಾಗೆ, ಯಾರ ಗುರುತೂ ಇಲ್ಲದೆ.

ನನ್ನ ಅಪ್ಪನೂ ರಿಪೇರಿಯವನೇ. ಅವನ ರೇಡಿಯೋ ಬೆಳಗ್ಗೆ ಆರು ನಲವತ್ತಕ್ಕೆ ತಾನಾಗಿ ಶುರುವಾಗುತ್ತಿತ್ತು, ಅವನು ಕೆಮ್ಮಿದರೆ ದನಿ ತಗ್ಗಿಸುತ್ತಿತ್ತು. ನನಗೆ ಹತ್ತೊಂಬತ್ತು ತುಂಬಿದ್ದಾಗ, ಅಪ್ಪ ಪರವೂರಿಗೆ ಹೋಗಿದ್ದ ಹೊತ್ತಿನಲ್ಲಿ, ಅದರ ಕರಕರ ಸದ್ದು ತೆಗೆದು ಅವನನ್ನು ಬೆರಗುಗೊಳಿಸೋಣ ಎಂದುಕೊಂಡೆ. ಅಪ್ಪನ ಬದಲು ಆ ಮೂರು ಮಾತುಗಳನ್ನು ನಾನೇ ಹೇಳಿದೆ. ಮಗನಲ್ಲವೇ, ನಡೆಯುತ್ತದೆ ಅಂದುಕೊಂಡೆ. ಕರಕರ ಹೋಯಿತು. ಅಪ್ಪ ಬಂದ ಮಾರನೆಯ ದಿನ ಆರು ನಲವತ್ತಕ್ಕೆ ಕಾದ. ಆರು ನಲವತ್ತೈದಕ್ಕೆ ಎದ್ದು ಹೋಗಿ ಗುಂಡಿ ತಿರುಗಿಸಿದ. ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಅವನು ಸಾಯುವ ತನಕ, ದಿನಾ ಬೆಳಗ್ಗೆ ಗುಂಡಿ ತಿರುಗಿಸಲು ಎದ್ದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಅಂದಿನಿಂದ ಪಳಗಿದ ವಸ್ತು ಅಂಗಡಿಗೆ ಬಂದರೆ ಮೊದಲು ಯಜಮಾನರನ್ನು ಕೂರಿಸಿ, ಮೂರು ಮಾತು ಹೇಳಿಸಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟುತ್ತೇನೆ.

ಸುಗಂಧಾಬಾಯಿಯವರ ಲ್ಯಾಪ್‌ಟಾಪ್ ನನ್ನ ಅಂಗಡಿಗೆ ಬಂದದ್ದು ಹೀಗಿರುವಾಗ. ಸುಗಂಧಾಬಾಯಿ ಎಂದರೆ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಇಡೀ ಊರಿಗೆ ಅರ್ಜಿ ಬರೆದುಕೊಟ್ಟವರು. ಬೀದಿಗೆ ಲೈಟಿನ ಕಂಬ ಹಾಕಿಸಬೇಕೆನ್ನುವವರು, ರೇಷನ್ ಕಾರ್ಡಿನಲ್ಲಿ ಸತ್ತುಹೋಗಿರುವ ಬದುಕಿದವರು, ಎಲ್ಲರೂ ಅವರ ಮುಂದೆಯೇ ಕೂರಬೇಕು. ಅವರಲ್ಲಿ ಒಂದು ಪದ್ಧತಿಯಿತ್ತು. ಹೇಳುವವರು ನಡುವೆ ತಡೆದರೆ, ಗಂಟಲು ಕಟ್ಟಿದರೆ, ಬೇರೆ ಅರ್ಜಿ ಬರೆಯುವವರ ಹಾಗೆ ಇವರು ಮುಂದಿನ ಮಾತನ್ನು ತಾವೇ ಹಾಕುತ್ತಿರಲಿಲ್ಲ. ಸ್ಪೇಸ್ ಕೀಲಿಯನ್ನು ಮೆಲ್ಲಗೆ ಎರಡು ಸಲ ತಟ್ಟಿ, ಬೆರಳು ಎತ್ತಿಕೊಂಡು ಕಾಯುತ್ತಿದ್ದರು. ಕಾಲು ಗಂಟೆಯಾದರೂ ಸರಿ. ಹಾಗಾಗಿ ಅವರ ಅರ್ಜಿಗಳ ನಡುನಡುವೆ ಸಣ್ಣ ಖಾಲಿ ಜಾಗಗಳು ಉಳಿಯುತ್ತಿದ್ದವು. ಊರಿಗೆಲ್ಲ ಅವರು ‘ಬಾಯಾರು’; ಗುಮಾಸ್ತರು ಅದನ್ನು ನೋಡಿಯೇ ಇದು ಬಾಯಾರ ಅರ್ಜಿ ಎಂದು ಗುರುತಿಸುತ್ತಿದ್ದರು; ಬರೆಸಿದವರು ಎಲ್ಲಿ ಅತ್ತರು ಎಂಬುದೂ ಅವರಿಗೆ ತಿಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದುಬಿದ್ದರು. ಕೈಕಾಲು ಮೂರು ತಿಂಗಳಲ್ಲಿ ಸರಿಹೋದವು. ಮಾತು ಸರಿಹೋಗಲಿಲ್ಲ. ಎಲ್ಲ ಅರ್ಥವಾಗುತ್ತದೆ, ಹೇಳಬೇಕಾದ್ದು ತಲೆಯಲ್ಲಿದೆ, ಆದರೆ ಬಾಯಿಗೆ ಬರುವುದಿಲ್ಲ. ಬರೆಯಲು ಹೋದರೆ ಒಂದು ಪದ ಬರುತ್ತದೆ, ಅದರಾಚೆ ದಾರಿ ಮುಚ್ಚಿದೆ. ಪ್ರಯತ್ನಪಟ್ಟು ಮಾತಾಡುತ್ತಿದ್ದರೆ ನಿಧಾನಕ್ಕೆ ಬಂದರೂ ಬಂದೀತು ಎಂದು ಡಾಕ್ಟರು ಹೇಳಿದ್ದರು. ಅಕ್ಕ ತಾರಾಬಾಯಿ, ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮಾಡಿಸಿದವರು, ದಿನಾ ತಂಗಿಯನ್ನು ಎದುರು ಕೂರಿಸಿಕೊಂಡು ಅ ಆ ಇ ಈ ಹೇಳಿಸಿದರು. ಸುಗಂಧಾಬಾಯಿ ಗೋಡೆ ನೋಡುತ್ತಿದ್ದರು. ಅರವತ್ತು ದಾಟಿದ, ಊರಿಗೇ ಮಾತು ಬರೆದುಕೊಟ್ಟ ಹೆಂಗಸು ಅ ಆ ಹೇಳುವುದು ಹೇಗೆ?

ಒಂದು ದಿನ ಅವರು ಸುಮ್ಮನೆ ಲ್ಯಾಪ್‌ಟಾಪ್ ತೆರೆದು ಅಕ್ಕನ ಹೆಸರು ಒತ್ತಿದರು, ಅಷ್ಟೇ. ಉಳಿದದ್ದನ್ನು ಲ್ಯಾಪ್‌ಟಾಪೇ ತುಂಬಿತು: ‘ತಾರಾ, ನಿನ್ನ ಉಪ್ಪಿಟ್ಟಿನಲ್ಲಿ ಎರಡು ತಿಂಗಳಿಂದ ಉಪ್ಪಿಲ್ಲ.’ ತಾರಾಬಾಯಿ ಅದನ್ನು ಓದಿ ನಗುತ್ತ ನಗುತ್ತ ಅತ್ತುಬಿಟ್ಟರಂತೆ. ಲ್ಯಾಪ್‌ಟಾಪಿಗೆ ಆಗ ಹನ್ನೆರಡು ತುಂಬಿತ್ತು. ಅಂದಿನಿಂದ ಸುಗಂಧಾಬಾಯಿ ಒಂದು ಪದ ಒತ್ತುವುದು, ಯಂತ್ರ ಅವರ ಮನಸ್ಸಿನಲ್ಲಿದ್ದದ್ದನ್ನು ಅವರದೇ ರೀತಿಯಲ್ಲಿ ಮುಗಿಸುವುದು. ಬೇವಿನ ಮರದ ಕೆಳಗೆ ಮತ್ತೆ ಜನ ಬಂದರು. ಅರ್ಜಿಗಳಲ್ಲಿ ಆ ಖಾಲಿ ಜಾಗಗಳು ಮಾತ್ರ ಇರುತ್ತಿರಲಿಲ್ಲ. ಯಂತ್ರ ಯಾರಿಗೂ ಕಾಯದೆ ತುಂಬಿಬಿಡುತ್ತಿತ್ತು. ಸುಗಂಧಾಬಾಯಿ ಬಾಯಿ ತೆರೆಯುವುದನ್ನೇ ಬಿಟ್ಟರು. ತಾರಾಬಾಯಿಯೂ ಅ ಆ ನಿಲ್ಲಿಸಿದರು.

ಈಗ ಆ ಯಂತ್ರಕ್ಕೆ ಹದಿನಾಲ್ಕು ವರ್ಷ. ಬೆಳಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ಅವಲಕ್ಕಿ ತಿಂದು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತಿತ್ತು. ಒಂದು ಸಾಲು ಬರೆಯುವಷ್ಟರಲ್ಲಿ ಅರ್ಜಿದಾರರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಇತ್ತೀಚೆಗೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬೇರೆ. ಅಕ್ಕತಂಗಿ ಅದನ್ನು ಹತ್ತಿಯ ಶಾಲಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು.

ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಯನ್ನೆಲ್ಲ ಮಾಡಿದೆ. ಅದಕ್ಕೇ ಮಧ್ಯಾಹ್ನವಾಯಿತು. ಪಕ್ಕದ ಅಂಗಡಿಯ ಟೇಲರ್ ಇಮಾಮಸಾಬ, ತನಗೆ ಸಂಬಂಧವಿಲ್ಲದ ಯಾವ ವಿಷಯವನ್ನೂ ತಪ್ಪಿಸಿಕೊಳ್ಳದವನು, ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ.

“ಏನಾಗೇತಿ ಹೇಳು ವಿರುಪಣ್ಣ. ಸುತ್ತಿಬಳಸಿ ಹೇಳಬ್ಯಾಡ” ಎಂದರು ತಾರಾಬಾಯಿ.

“ಎರಡು ಬ್ಯಾನಿ ಅದಾವ್ರಿ ಅಕ್ಕಾರ. ಒಂದು, ಮೆಮೊರಿ ಭಾಳ ಸಣ್ಣದು, ಎರಡೇ ಜಿಬಿ. ಅಂದ್ರ ಕೆಲಸಾ ಮಾಡೂ ಮೇಜು ಸಣ್ಣದು ಅಂತ ತಿಳ್ಕೋರಿ. ಒಂದು ಕಾಗದಾ ಇಡಬೇಕಂದ್ರ ಇನ್ನೊಂದು ತೆಗೀಬೇಕು. ಅದು ಸಾಯೂ ಬ್ಯಾನಿ ಅಲ್ಲ. ಪಕ್ಕದಾಗ ಒಂದು ಗೂಡು ಖಾಲಿ ಐತಿ, ಹಳೇದನ್ನ ತೆಗೀದನ ಇನ್ನೊಂದು ಕೂಡಸಬಹುದು. ಎರಡನೇದು ಡಿಸ್ಕು. ಎಲ್ಲಾ ಕೂಡಿಡೂ ಕಪಾಟು. ಅದು ಒಳಗಿಂದ ಸವದೈತಿ. ಆ ಟಿಕ್ ಟಿಕ್ ಅದರದ.”

“ಎಷ್ಟು ದಿನಾ ತಡೀತೈತಿ?”

“ನಾಳೆ ಹೋದ್ರೂ ಹೋತು. ದೀಪಾವಳಿ ತನಕಾ ಬಂದ್ರೂ ಬಂತು. ಅದರ ಆಚೆ ನಾ ಮಾತು ಕೊಡಂಗಿಲ್ಲ.”

ಸುಗಂಧಾಬಾಯಿ ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

ತಾರಾಬಾಯಿಗೆ ಬಿಚ್ಚುವುದೇ ಬೇಡವಾಗಿತ್ತು. ಇದ್ದಷ್ಟು ದಿನ ಇರಲಿ, ಬಿಚ್ಚಿ ಕೋರಾ ಆದರೆ ತಂಗಿಯ ಮಾತು ಇವತ್ತೇ ಹೋಗುತ್ತದೆ, ಬಿಡುವುದರಿಂದ ನಾಲ್ಕು ದಿನವಾದರೂ ಸಿಗುತ್ತದೆ ಎಂಬುದು ಅವರ ವಾದ. ಇಮಾಮಸಾಬನದು ಬೇರೆ. “ನನ್ನ ಮಿಷನ್ ನೋಡ್ರಿ ಅಕ್ಕಾರ. ಬೆಲ್ಟು ಬದಲಿಸೀನಿ, ಪೆಡಲ್ ಬದಲಿಸೀನಿ, ಸೂಜಿ ಕೂಡೂ ದಾಂಡಾನೂ ಬದಲಿಸೀನಿ. ಒಂದೊಂದ ವರ್ಷ ಬಿಟ್ಟು, ಒಂದೊಂದ ಸಲ ಹೇಳಿ. ಈಗೂ ನಾ ಹರಟೀಗೆ ಕುಂತ್ರ ಅದು ಹೊಲಿಯೂದು ನಿಲ್ಲಸತೈತಿ.”

“ಅದಕ್ಕ ನಿನ್ನ ಗಿರಾಕಿಗಳ ಅಂಗಿ ಹಬ್ಬ ಮುಗಿದ ಮ್ಯಾಲೆ ಸಿಗತಾವು” ಎಂದರು ತಾರಾಬಾಯಿ.

ಆದರೂ ಅವನ ಮಾತಿನಲ್ಲಿ ಒಂದು ಪ್ರಶ್ನೆಯಿತ್ತು. ಬೆಲ್ಟು ಹೋಯಿತು, ಪೆಡಲ್ ಹೋಯಿತು, ಪಳಗಿದ್ದು ಉಳಿಯಿತು. ಹಾಗಾದರೆ ಅದು ಇರುವುದು ಎಲ್ಲಿ? ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಲ್ಯಾಪ್‌ಟಾಪಿನಲ್ಲಂತೂ ಅದು ಡಿಸ್ಕಿನಲ್ಲೇ ಇರಬೇಕು ಎಂದು ನನ್ನ ಅಂದಾಜು. ಹೊಸ ಡಿಸ್ಕು ಹಾಕಿ ಎಲ್ಲವನ್ನೂ ಹೊಸದಾಗಿ ತುಂಬಿಸಿದರೆ ಯಂತ್ರ ಚುರುಕಾಗುತ್ತದೆ, ಆದರೆ ಹದಿನಾಲ್ಕು ವರ್ಷ ಒರೆಸಿಹೋಗುತ್ತದೆ. ಅದರ ಬದಲು ಹಳೆಯ ಡಿಸ್ಕನ್ನು ಕಸ ಕಡ್ಡಿ ಸಮೇತ, ಇದ್ದದ್ದು ಇದ್ದ ಹಾಗೆ ಹೊಸದಕ್ಕೆ ನಕಲು ಮಾಡಬಹುದು. ಅದರಲ್ಲೂ ಒಂದು ಅಪಾಯವಿದೆ: ಸವೆದ ಡಿಸ್ಕನ್ನು ಮೊದಲಿಂದ ಕೊನೆಯ ತನಕ ಓದಿಸುವುದೆಂದರೆ ರೋಗಿಯನ್ನು ಬೆಟ್ಟ ಹತ್ತಿಸಿದ ಹಾಗೆ. ನಡುದಾರಿಯಲ್ಲಿ ಕೂತುಬಿಟ್ಟರೆ ಮುಗಿಯಿತು. ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಸುಗಂಧಾಬಾಯಿ ಪ್ರತಿ ಮಾತಿಗೂ ತಲೆಯಾಡಿಸಿದರು, ಆದರೆ ಹೂಂ ಎಂದೋ ಬೇಡ ಎಂದೋ ತಿಳಿಯಲಿಲ್ಲ. ಕೊನೆಗೆ, ಸಾಮಾನು ತರಿಸಿ ಇಡುವುದು, ನಿರ್ಧಾರ ಆಮೇಲೆ ಎಂದು ಎದ್ದರು. ಕಷ್ಟದ ನಿರ್ಧಾರಗಳನ್ನು ನಮ್ಮ ಊರಿನವರು ಹೀಗೆಯೇ ತೆಗೆದುಕೊಳ್ಳುವುದು.

ಸಾಮಾನು ಬಸ್ಸಿನಲ್ಲಿ ಬರಲು ಒಂಬತ್ತು ದಿನ ಹಿಡಿಯಿತು. ಬಂದದ್ದು ಎರಡೇ ವಸ್ತು: ಇಸ್ಪೀಟು ಎಲೆಗಿಂತ ತುಸು ದೊಡ್ಡ, ತಿರುಗುವ ಭಾಗವೇ ಇಲ್ಲದ ಹೊಸ ಬಗೆಯ ಡಿಸ್ಕು, ಮತ್ತು ಬೆರಳುದ್ದದ ಒಂದು ಮೆಮೊರಿ ಪಟ್ಟಿ, ನಾಲ್ಕು ಜಿಬಿಯದು. ಹೊಸ ವಸ್ತುವನ್ನು ಯಜಮಾನರೇ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಅದು ಯಾರಿಗೆ ಪಳಗಬೇಕೆಂದು ಗೊಂದಲಪಡುತ್ತದೆ. ಹಾಗಾಗಿ ಕೈಗವಸು ಹಾಕಿಕೊಂಡೇ ಡಬ್ಬಿ ತೆಗೆದಿಟ್ಟೆ.

ಗುರುವಾರ ಬೆಳಗ್ಗೆ ಎಂಟಕ್ಕೆ ಅಕ್ಕತಂಗಿ ಬಂದರು. ಆ ಒಂಬತ್ತು ದಿನಗಳಲ್ಲಿ ಲ್ಯಾಪ್‌ಟಾಪ್ ಮೂರು ಸಲ ನಿಂತುಹೋಗಿತ್ತು. ಒಮ್ಮೆಯಂತೂ ಒಂದು ಇಡೀ ಹಗಲು ಏಳಲಿಲ್ಲವಂತೆ. ಆ ಹಗಲೆಲ್ಲ ಸುಗಂಧಾಬಾಯಿ ಏನು ಬೇಕೆಂದು ಯಾರಿಗೂ ತಿಳಿಸಲಾಗದೆ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರಂತೆ. ಅದನ್ನು ಹೇಳುವಾಗ ತಾರಾಬಾಯಿಯ ಡ್ರಿಲ್ ದನಿ ನಡುಗಿತು. ಬಿಚ್ಚುವುದು ಬೇಡ ಎನ್ನುವ ಹಟ ಅವರಲ್ಲಿ ಉಳಿದಿರಲಿಲ್ಲ. ಉಳಿದದ್ದು ಒಂದೇ ಸಮಸ್ಯೆ, ನಾವು ಮೂವರೂ ಒಂಬತ್ತು ದಿನದಿಂದ ಬಾಯಿಬಿಟ್ಟು ಆಡದೆ ಇದ್ದದ್ದು. ಆ ಮೂರು ಮಾತು ಹೇಳುವವರು ಯಾರು?

“ನಾ ಹೇಳ್ತೀನಿ. ಒಡಹುಟ್ಟಿದಾಕಿ ಅದೀನಿ, ಇಬ್ಬರದೂ ಒಂದ ರಕ್ತ” ಎಂದರು ತಾರಾಬಾಯಿ.

ನಾನು ಅಪ್ಪನ ರೇಡಿಯೋದ ಕತೆ ಹೇಳಿದೆ. ನಾನು ಅದನ್ನು ಬೇರೆಯವರಿಗೆ ಹೇಳಿದ್ದು ಅದೇ ಮೊದಲು. ತಾರಾಬಾಯಿ ಲ್ಯಾಪ್‌ಟಾಪಿನ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಬಾಗಿಲಲ್ಲಿದ್ದ ಇಮಾಮಸಾಬ, “ಬಾಯಾರು ಅದರಾಗ ಟೈಪ್ ಮಾಡಿ ಹೇಳಿದ್ರ ಆಗಂಗಿಲ್ಲೇನು?” ಎಂದ.

“ಟೈಪ್ ಮಾಡಾವರು ಯಾರೋ ಮಾರಾಯಾ? ಒಂದ ಶಬ್ದ ಬಾಯಾರದು, ಉಳಿದದ್ದು ಅದರದ. ತನಗ ತಾನ ಹೇಳಿಕೊಂಡ್ರ ಹೇಳಿದಂಗ ಆಗತೈತೇನು?” ಎಂದೆ.

“ಆಗಂಗಿಲ್ಲ ಅಂತ ಯಾರು ಹೇಳ್ಯಾರ?”

ಇಂಥದ್ದು ಊರಿನಲ್ಲಿ ಹಿಂದೆ ಆಗಿರಲಿಲ್ಲ. ನಾವು ಹೀಗೆ ವಾದ ಮಾಡುತ್ತಿರುವಾಗ ಸುಗಂಧಾಬಾಯಿ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು ಗುಂಡಿ ಒತ್ತಿದ್ದರು. ಅದು ಏಳಲು ಇಪ್ಪತ್ತೆರಡು ನಿಮಿಷ ತೆಗೆದುಕೊಂಡಿತು. ನಾವು ಚಹಾ ಕುಡಿದೆವು. ಪರದೆ ಬೆಳಗಿದ ಮೇಲೆ ಅವರು ಒಂದು ಪದ ಒತ್ತಿದರು: ‘ಇವರಿಗೆ’. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡರು.

ಅದು ಬರೆಯತೊಡಗಿತು. ಒಂದು ಅಕ್ಷರ ಬಂದು ನಿಲ್ಲುವುದು, ಟಿಕ್ ಟಿಕ್ ಎನ್ನುವುದು, ಇನ್ನೊಂದು ಅಕ್ಷರ. ನಾವೆಲ್ಲ ಪರದೆಯ ಮೇಲೆ ಬಾಗಿದೆವು. ಮೊದಲಿಗೆ ಬಂದದ್ದು ನನ್ನ ಹೆಸರು. ‘ಇವರಿಗೆ, ಶ್ರೀ ವಿರುಪಣ್ಣ, ರಿಪೇರಿ ಅಂಗಡಿ. ವಿಷಯ: ನನ್ನ ಹಳೆಯ ಲ್ಯಾಪ್‌ಟಾಪಿನ ಡಿಸ್ಕು ಮತ್ತು ಮೆಮೊರಿಯ ಕುರಿತು.’ ಇಮಾಮಸಾಬ ಕಿಸಕ್ಕನೆ ನಕ್ಕ. ನನಗೂ ನಗು ಬಂತು. ನನ್ನ ಜನ್ಮದಲ್ಲಿ ಯಾರೂ ನನಗೆ ಅರ್ಜಿ ಬರೆದಿರಲಿಲ್ಲ. ಮುಂದಿನ ಸಾಲುಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು, ನಮ್ಮ ನಗು ಅಷ್ಟು ಹೊತ್ತು ಉಳಿಯಲಿಲ್ಲ.

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಯಂತ್ರವು ಎರಡು ವರ್ಷಗಳಿಂದ ನನ್ನ ಪರವಾಗಿ ಮಾತಾಡುತ್ತಿದೆ. ಅದು ದಣಿದಿದೆ. ಅದು ಮಾತಾಡುವಾಗ ನಾನು ಪಕ್ಕದಲ್ಲಿ ಕೇಳುತ್ತ ಕೂತಿರುತ್ತೇನೆ. ಎಲ್ಲವೂ ನನ್ನ ಮಾತೇ, ಆದರೆ ನಾನು ಆಡಿದ್ದಲ್ಲ. ನನಗೆ ಎರಡು ಭಯಗಳಿವೆ. ಇದು ಕೋರಾ ಆಗಿ ನಾನು ಮೂಕಳಾಗಿ ಉಳಿಯುವೆನೆಂಬುದು ಒಂದು. ಇದು ಚುರುಕಾಗಿ, ಇನ್ನಷ್ಟು ಬೇಗ ನನ್ನ ಮಾತು ಕಸಿದುಕೊಂಡು, ನಾನು ಬಾಯಿ ತೆರೆಯುವ ಅಗತ್ಯವೇ ಇಲ್ಲದೆ ಹೋಗುವುದೆಂಬುದು ಇನ್ನೊಂದು. ಯಾವುದು ದೊಡ್ಡದೆಂದು ನನಗೇ ತಿಳಿಯದು. ಆದ್ದರಿಂದ ತಾವು ದಯಮಾಡಿ’

ಅಲ್ಲಿಗೆ ನಿಂತಿತು. ಟಿಕ್ ಟಿಕ್ ಸದ್ದೂ ನಿಂತಿತು. ಕೀಲಿ ಒತ್ತಿ ನೋಡಿದೆ, ಪರದೆ ಅಲುಗಲಿಲ್ಲ. ಡಿಸ್ಕು ಉಸಿರು ಬಿಡುವುದಕ್ಕೂ ಆಗದಷ್ಟು ಸೋತಿತ್ತು. ಇನ್ನು ಗುಂಡಿ ಅದುಮಿ ಆರಿಸಿದರೆ ತಾನಾಗಿ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ನಕಲು ಮಾಡುವುದಾದರೆ ಈಗಲೇ ಬಿಚ್ಚಬೇಕು. ತಾವು ದಯಮಾಡಿ, ಏನು? ಬಿಚ್ಚಿರಿ ಎಂದೋ, ಬಿಟ್ಟುಬಿಡಿ ಎಂದೋ? ಅವರ ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕಾದ ಯಂತ್ರವೇ ಹೇಳುವ ಮೊದಲು ಕೂತುಬಿಟ್ಟಿತ್ತು.

ತಾರಾಬಾಯಿ ತಂಗಿಯ ಭುಜ ಹಿಡಿದು, “ಬಿಚ್ಚಲಿ ಅಂತ ಹೌದಲ್ಲ? ಸುಗಂಧಾ, ಬಿಚ್ಚ...” ಎನ್ನುತ್ತಿದ್ದರು. ನಾನು ಕೈ ಎತ್ತಿ ತಡೆದೆ. ಯಾಕೆ ತಡೆದೆ ಎಂದು ಆಗ ಯೋಚಿಸಿರಲಿಲ್ಲ. ವರ್ಷಗಳ ಹಿಂದೆ, ಅಪ್ಪ ಸತ್ತ ಮೇಲೆ ಅಂಗಡಿಯ ಲೈಸೆನ್ಸು ನನ್ನ ಹೆಸರಿಗೆ ಮಾಡಿಸಲು ನಾನೂ ಆ ಬೇವಿನ ಮರದ ಕೆಳಗೆ ಕೂತಿದ್ದೆ. ‘ನನ್ನ ತಂದೆಯವರು’ ಎಂದು ಶುರುಮಾಡಿ ಮುಂದಕ್ಕೆ ಹೋಗಲಾಗಲಿಲ್ಲ. ‘ನಿಧನರಾದ ಕಾರಣ’ ಎಂದು ಹಾಕಲು ಬಾಯಾರಿಗೆ ಎಷ್ಟು ಹೊತ್ತು? ಹಾಕಲಿಲ್ಲ. ಸ್ಪೇಸ್ ಕೀಲಿಯನ್ನು ಎರಡು ಸಲ ತಟ್ಟಿ, ನನ್ನ ಮುಖವನ್ನೂ ನೋಡದೆ ಮರದ ಮೇಲಿನ ಅಳಿಲು ನೋಡುತ್ತ ಕೂತಿದ್ದರು. ನಾನು ಹೇಳುವ ತನಕ.

ನಾವೂ ಕಾದೆವು. ತಾರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಇಮಾಮಸಾಬ, ಹುಟ್ಟಿದಂದಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದವನು, ಟೇಪನ್ನು ಸುರುಳಿ ಸುತ್ತುತ್ತ ನೆಲ ನೋಡುತ್ತಿದ್ದ. ಸುಗಂಧಾಬಾಯಿ ಎರಡೂ ಅಂಗೈಗಳನ್ನು ಲ್ಯಾಪ್‌ಟಾಪಿನ ಮೇಲಿಟ್ಟರು. ತುಟಿ ಜೋಡಿಸಿದರು. ಕುತ್ತಿಗೆಯ ನರ ಉಬ್ಬಿತು. ಏನೂ ಬರಲಿಲ್ಲ. ಮತ್ತೆ ಜೋಡಿಸಿದರು. ಹಣೆಯಲ್ಲಿ ಬೆವರು ಬಂತು, ಕಣ್ಣಲ್ಲಿ ನೀರು ಬಂತು, ಅವರು ಯಾವುದನ್ನೂ ಒರೆಸಿಕೊಳ್ಳಲಿಲ್ಲ.

“ಬಿ...” ಎಂದರು.

“ಬಿಚ್...ಚು.”

ಎರಡು ವರ್ಷದ ಮೇಲೆ ಬಂದ ದನಿ ಒಡೆದಿತ್ತು, ಸಣ್ಣದಾಗಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮುಚ್ಚಳವನ್ನು ಮೆಲ್ಲಗೆ ಸವರಿ, “ಮ...ನೀ...ಗೆ” ಎಂದರು. ಬಹಳ ಹೊತ್ತಿನ ಮೇಲೆ, “ಒಯ್...ತೀನಿ.”

ತಾರಾಬಾಯಿ ಅಂಗಡಿಯಿಂದ ಹೊರಗೆ ಹೋಗಿ ಬೀದಿಯಲ್ಲಿ ನಿಂತು ಜೋರಾಗಿ ಅತ್ತರು. ಜನ ನೋಡಿದರೂ ಲೆಕ್ಕಿಸಲಿಲ್ಲ.

“ನಡುವಿನದು ಉಳೀತಲ್ಲೋ. ಜೋಡಿಸ್ತೀನಿ ಅನ್ನಲಿಲ್ಲ” ಎಂದು ಇಮಾಮಸಾಬ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

“ಜೋಡಿಸೂದು ನನ್ನ ಕೆಲಸ. ಸುಮ್ಮನಿರು” ಎಂದೆ. ಧೈರ್ಯದಿಂದ ಹೇಳಿದೆನೇ ಹೊರತು ಒಳಗೆ ಅಳುಕಿತ್ತು.

ಸ್ಕ್ರೂ ಹನ್ನೊಂದಿದ್ದವು. ಒಂದೊಂದನ್ನೂ ತೆಗೆದು ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಒಳಗೆ ಹದಿನಾಲ್ಕು ವರ್ಷದ ಬೇವಿನ ಹೂವಿನ ಪುಡಿ ಬೆರಳ ದಪ್ಪ ಕೂತಿತ್ತು, ಒಂದು ಒಣಗಿದ ಇರುವೆಯೂ ಇತ್ತು. ಬ್ರಷ್ಷಿನಿಂದ ತೆಗೆದು ಸುಗಂಧಾಬಾಯಿಗೆ ತೋರಿಸಿದೆ. ನಾಚಿಕೊಂಡವರ ಹಾಗೆ ಮುಖ ತಿರುಗಿಸಿದರು. ಹಳೆಯ ಡಿಸ್ಕನ್ನೂ ಹೊಸದನ್ನೂ ನನ್ನ ಯಂತ್ರಕ್ಕೆ ಸಿಕ್ಕಿಸಿದೆ. ಸಿಕ್ಕಿಸುವ ಮೊದಲು ಹೊಸದನ್ನು ಅವರ ಕೈಗೆ ಕೊಟ್ಟೆ. ಅದರ ಹಗುರಕ್ಕೆ ಅಚ್ಚರಿಪಟ್ಟು ತೂಗಿ ನೋಡಿದರು.

ಹತ್ತಕ್ಕೆ ನಕಲು ಶುರುವಾಯಿತು. ಹನ್ನೊಂದಕ್ಕೆ ನೂರಕ್ಕೆ ಹದಿನೆಂಟು. ಒಂದು ಗಂಟೆಗೆ ನಲವತ್ತು. ಅರವತ್ತೊಂದರಲ್ಲಿ ಸಿಕ್ಕಿಕೊಂಡಿತು. ಒಂದೇ ಜಾಗವನ್ನು ಓದಲು ಹೋಗುವುದು, ಟಿಕ್ ಎಂದು ಹಿಂದೆ ಬರುವುದು, ಮತ್ತೆ ಹೋಗುವುದು. ಬಿಸಿಯಾಗಬಾರದೆಂದು ಇಮಾಮಸಾಬ ತನ್ನ ಅಂಗಡಿಯ ಟೇಬಲ್ ಫ್ಯಾನು ತಂದು ಇಟ್ಟ. ಪಳಗಿದ ಫ್ಯಾನು, ಅವನ ಕಡೆಗೇ ತಿರುಗುತ್ತಿತ್ತು. ಕಡೆಗೆ ಅವನನ್ನೇ ಡಿಸ್ಕಿನ ಹಿಂದೆ ಸ್ಟೂಲು ಹಾಕಿ ಕೂರಿಸಬೇಕಾಯಿತು. ಹಾಗಾಗಿ ಆ ದಿನ ಯಾರದೋ ಮದುವೆಯ ಬ್ಲೌಸುಗಳು ಹೊಲಿಗೆಯಾಗಲಿಲ್ಲ. ತಾರಾಬಾಯಿ ಮನೆಯಿಂದ ರೊಟ್ಟಿ, ಝುಣಕ ತಂದರು. ಸುಗಂಧಾಬಾಯಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ತುಟಿಯಲ್ಲಿ ಏನೋ ಮಣಮಣ ಮಾಡುತ್ತಿದ್ದರು. ಮೊದಲು ಜಪ ಅಂದುಕೊಂಡೆ. ಬಾಗಿ ಕೇಳಿದರೆ, ‘ಬಿಚ್ಚು, ಮನಿ, ಬಿಚ್ಚು, ಮನಿ’ ಎಂದು ಸಿಕ್ಕ ಪದಗಳನ್ನು ಕಳೆದುಕೊಳ್ಳದ ಹಾಗೆ ಹೇಳಿಕೊಳ್ಳುತ್ತಿದ್ದರು.

ಮೂರೂಕಾಲಿಗೆ ಆ ಅರವತ್ತೊಂದು ಅರವತ್ತೆರಡಾಯಿತು. ಐದಕ್ಕೆ ನಕಲು ಮುಗಿಯಿತು. ಓದಲಾಗದೆ ಬಿಟ್ಟುಹೋದ ತುಣುಕುಗಳು ಎಂಬತ್ತೇಳು ಎಂದು ತೋರಿಸಿತು. ಆ ಎಂಬತ್ತೇಳರಲ್ಲಿ ಏನಿತ್ತು? ಯಾವುದೋ ಹಳೆಯ ಕ್ಯಾಲೆಂಡರಿನ ಚಿತ್ರವೋ, ಅಥವಾ ನಮಗೆ ಬೇಕಾದದ್ದೇ ಅಲ್ಲಿತ್ತೋ? ತಿಳಿಯುವ ದಾರಿ ಒಂದೇ. ಹೊಸ ಡಿಸ್ಕನ್ನು ಒಳಗಿಟ್ಟೆ. ಹಳೆಯ ಮೆಮೊರಿಯನ್ನು ಅಲುಗಿಸದೆ ಅದರ ಪಕ್ಕದ ಗೂಡಿನಲ್ಲಿ ಹೊಸದನ್ನು, ಬಾಯಾರಿಂದ ಮುಟ್ಟಿಸಿ, ಕೂರಿಸಿದೆ, ಟಕ್ ಎಂದು ಕೂತಿತು. ಸ್ಕ್ರೂ ಹಾಕಿದೆ. ಹತ್ತು ಹಾಕಿದ ಮೇಲೆ ಹನ್ನೊಂದನೆಯದಕ್ಕೆ ಜಾಗವೇ ಸಿಗಲಿಲ್ಲ. ಮೂವತ್ತು ವರ್ಷದ ಅನುಭವ ನನ್ನದು, ಒಂದು ಸ್ಕ್ರೂ ಮಿಗದೆ ಯಾವುದನ್ನೂ ಮುಚ್ಚಿಲ್ಲ.

ಗುಂಡಿಯನ್ನು ಸುಗಂಧಾಬಾಯಿ ಒತ್ತಿದರು. ತಾರಾಬಾಯಿ ಅಭ್ಯಾಸಬಲದಿಂದ ಚಹಾ ಹೇಳಲು ಹೊರಟವರು ಬಾಗಿಲು ತಲುಪುವ ಮೊದಲೇ ಪರದೆ ಬೆಳಗಿತು. ಹನ್ನೊಂದು ಸೆಕೆಂಡು. ಟಿಕ್ ಟಿಕ್ ಇಲ್ಲ, ಸದ್ದೇ ಇಲ್ಲ. ಬೆಳಗ್ಗೆ ನಡುವೆ ನಿಂತ ಅರ್ಜಿಯ ಕಡತ ಅಲ್ಲೇ ಇತ್ತು, ನಿಂತ ಕಡೆಯ ತನಕ. ತೆರೆದರು. ‘ಆದ್ದರಿಂದ ತಾವು ದಯಮಾಡಿ’. ಅದರ ಮುಂದೆ ಗೆರೆ ಮಿನುಗುತ್ತಿತ್ತು.

ಸುಗಂಧಾಬಾಯಿ ಕೈ ಮಡಿಲಲ್ಲಿಟ್ಟುಕೊಂಡು ಕಾದರು. ಅದು ಏನೂ ಬರೆಯಲಿಲ್ಲ.

ಹಳೆಯ ಯಂತ್ರ ಎಷ್ಟೇ ತಿಣುಕಿದರೂ ಇಷ್ಟು ಹೊತ್ತಿಗೆ ಒಂದು ಅಕ್ಷರವಾದರೂ ಹಾಕಿರುತ್ತಿತ್ತು. ಒಂದು ನಿಮಿಷವಾಯಿತು. ಎರಡಾಯಿತು. ಗೆರೆ ಮಿನುಗುತ್ತಲೇ ಇತ್ತು.

“ಕೋರಾ ಆತು” ಎಂದರು ತಾರಾಬಾಯಿ, ಯಾರಿಗೂ ಕೇಳಿಸಬಾರದೆಂಬಂತೆ. ನನಗೆ ಕೇಳಿಸಿತು. ಅಪ್ಪ ಗುಂಡಿ ತಿರುಗಿಸಲು ಎದ್ದು ಹೋಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಆ ಎಂಬತ್ತೇಳರಲ್ಲೇ ಇತ್ತು ಅಂದುಕೊಂಡೆ. ನಡುವಿನ ಮಾತು ಹೇಳಿಸದೆ ಬಿಚ್ಚಿದೆನಲ್ಲ ಅಂದುಕೊಂಡೆ. ಸುಗಂಧಾಬಾಯಿಯ ಮುಖ ನೋಡುವ ಧೈರ್ಯವಾಗದೆ ಪರದೆಯನ್ನೇ ನೋಡುತ್ತ ನಿಂತೆ.

ಅದಕ್ಕೇ ಮೊದಲು ಕಂಡದ್ದು ನಾನೇ. ಯಾರೂ ಕೀಲಿ ಮುಟ್ಟಿರಲಿಲ್ಲ. ಆ ಮಿನುಗುವ ಗೆರೆ ಮೆಲ್ಲಗೆ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಮತ್ತೊಂದು ಹೆಜ್ಜೆ ಹೋಯಿತು. ಅಲ್ಲಿ ನಿಂತಿತು.

ಎರಡು ಸಲ.

“ಬಾಯಾರ!” ಎಂದು ಕೂಗಿಯೇಬಿಟ್ಟೆ. “ನೋಡ್ರಿ, ಅದು ಕೋರಾ ಆಗಿಲ್ರಿ. ಕಾಯಾಕತ್ತೈತಿ. ನಿಮ್ಮಂಗ ಕಾಯಾಕತ್ತೈತಿ!”

ಸುಗಂಧಾಬಾಯಿ ಪರದೆಗೆ ಮುಖ ಹತ್ತಿರ ತಂದು ನೋಡಿದರು. ‘ದಯಮಾಡಿ’ಯ ಮುಂದಿನ ಆ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿದರು. ಹನ್ನೆರಡು ವರ್ಷ ಅವರು ಎಷ್ಟು ಜನರಿಗೆ ಹಾಗೆ ಕಾದಿದ್ದರೋ, ಅದೆಲ್ಲವೂ ಅದರ ಒಳಗಿತ್ತು. ಬಾಯಿ ಬಾರದ ದಿನಗಳಲ್ಲಿ ಅದು ಅವರ ಬದಲು ಮಾತಾಡಿತ್ತು. ಬೆಳಗ್ಗೆ ಅವರ ದನಿ ಕೇಳಿದ ಮೇಲೆ ಅದಕ್ಕೆ ಇನ್ನು ಕಾಯಬಹುದು ಅನ್ನಿಸಿರಬೇಕು. ಇದು ನನ್ನ ತಿಳಿವಳಿಕೆ. ಇಮಾಮಸಾಬ ಬೇರೆ ಏನೋ ಹೇಳುತ್ತಾನೆ.

ಅವರು ನಕ್ಕರು. ನಕ್ಕು, ತುಟಿ ಜೋಡಿಸಿ, ಬಿಡಿಸಿ, ನಮ್ಮನ್ನೆಲ್ಲ ಒಮ್ಮೆ ನೋಡಿದರು. ಈ ಸಲ ಯಾರಿಗೂ ನಾನು ಕೈ ಎತ್ತಬೇಕಾಗಲಿಲ್ಲ.

“ತ...” ಎಂದರು. “ತಡೀ...ರಿ.”

ಹೇಳಿದ ಮೇಲೆ ಅದೇ ಪದವನ್ನು, ‘ದಯಮಾಡಿ’ಯ ಮುಂದಿನ ಖಾಲಿ ಜಾಗದಾಚೆ, ಒಂದೊಂದೇ ಕೀಲಿ ಹುಡುಕಿ ತಾವೇ ಒತ್ತಿದರು. ಯಂತ್ರ ನಡುವೆ ಬಾಯಿ ಹಾಕಲಿಲ್ಲ.

ಆ ಅರ್ಜಿಯ ಒಂದು ಪ್ರತಿಯನ್ನು ನನ್ನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಅರ್ಜಿ ಬಂದ ಮೇಲೆ ವಿಲೇವಾರಿ ಮಾಡಬೇಕಲ್ಲ, ಕೆಳಗೆ ‘ಮಂಜೂರು ಮಾಡಿದೆ’ ಎಂದು ಬರೆದು ಸಹಿ ಹಾಕಿದ್ದೇನೆ. ಹಳೆಯ ಡಿಸ್ಕು ಅವರ ಮನೆಯ ಕಪಾಟಿನಲ್ಲಿದೆ, ಅದೇ ಹತ್ತಿಯ ಶಾಲಿನಲ್ಲಿ. ಸುಗಂಧಾಬಾಯಿ ಈಗ ಬೇವಿನ ಮರದ ಕೆಳಗೆ ದಿನಕ್ಕೆ ಎರಡು ಅರ್ಜಿ ಬರೆಯುತ್ತಾರೆ, ಹೆಚ್ಚೆಂದರೆ ಮೂರು. ಲ್ಯಾಪ್‌ಟಾಪ್ ಹನ್ನೊಂದು ಸೆಕೆಂಡಿಗೆ ಏಳುತ್ತದೆ, ಆದರೆ ಅರ್ಜಿಗಳು ಮೊದಲಿಗಿಂತ ನಿಧಾನ. ಅವರಿಗೆ ಪದ ಸಿಗದಾಗ ಎದುರು ಕೂತವರು ಕಾಯುತ್ತಾರೆ, ಎದುರಿನವರಿಗೆ ಸಿಗದಾಗ ಅವರು ಕಾಯುತ್ತಾರೆ. ಕಚೇರಿಯ ಗುಮಾಸ್ತ ಮೊನ್ನೆ ಅಂಗಡಿಗೆ ಬಂದವನು, ಬಾಯಾರ ಅರ್ಜಿಗಳಲ್ಲಿ ಮತ್ತೆ ಖಾಲಿ ಜಾಗ ಬರುತ್ತಿದೆ, ಲ್ಯಾಪ್‌ಟಾಪ್ ಸರಿಯಾಗಿ ರಿಪೇರಿ ಮಾಡಿಲ್ಲವೇ ಎಂದು ಕೇಳಿದ. ಮಿಕ್ಕ ಸ್ಕ್ರೂ ತೆಗೆದು ತೋರಿಸಿ, ಇದರಿಂದಲೇ ಇರಬೇಕು ಎಂದೆ.